ಶಿರಃಪ್ರಮಾಣ ಮೀಮಾಂಸೆ ಅಥವಾ ಶುಭ ಕೋರುವವರ ಚಿತ್ರಚ್ಛೇದ ವಿಚಾರ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ನಿವೇದಿಸತಕ್ಕದ್ದೆಂಬುದು ಪೂರ್ವಾಚಾರ್ಯರ ಕಟ್ಟಳೆ. ಅದರಂತೆ, ಮಂಡ್ಯದ ಸಂಜಯ ವೃತ್ತ, ಮದ್ದೂರಿನ ಪೇಟೆ ಬೀದಿ, ಮಳವಳ್ಳಿಯ ಅನಂತರಾಂ ವೃತ್ತ ಮೊದಲಾದ ಪುಣ್ಯಕ್ಷೇತ್ರಗಳಲ್ಲಿ, ಹುಟ್ಟುಹಬ್ಬ, ಜಾತ್ರೆ, ಚುನಾವಣೆ, ಸಿನಿಮಾ ಬಿಡುಗಡೆ ಎಂಬ ಪರ್ವಕಾಲಗಳಲ್ಲಿ ಆವಿರ್ಭವಿಸುವ ಫ್ಲೆಕ್ಸಿನ ಪಾದಭಾಗದಲ್ಲಿ, ‘ಶುಭ ಕೋರುವವರು’ ಎಂಬ ಒಕ್ಕಣೆಯೊಡನೆ ಸಾಲುಗೊಳ್ಳುವ ಮುಖಗಳನ್ನು ಒಂದೇ ಪ್ರಮಾಣಕ್ಕೆ ಕತ್ತರಿಸುವ ವಿದ್ಯೆಯೇ ಇಲ್ಲಿಯ ವಿಷಯ, ಕಲಹನಿವಾರಣೆ ಪ್ರಯೋಜನ, ತಲೆಗೂ ಚೌಕಟ್ಟಿಗೂ ಇರುವುದು ಸಂಬಂಧ, ಅಧಿಕಾರಿಯೆಂದರೆ, ಫೋಟೊಶಾಪ್ ತೆರೆದು ಗೋಡೆಗೆ ಮುಖಮಾಡಿ ಕುಳಿತು, ಬೆನ್ನ ಹಿಂದೆ ನಿಂತ ಯುವಕಸಂಘದ ಉಸಿರನ್ನು ಕತ್ತಿನ ಮೇಲೆ ಸಹಿಸಬಲ್ಲ ಡಿಸೈನರ್.

ಈ ವಿದ್ಯೆಯನ್ನು ಅರ್ವಾಚೀನವೆಂದು ಜರೆಯುವವರು ಶಿಲ್ಪಶಾಸ್ತ್ರವನ್ನು ಅರಿಯರು. ಮುಖದುದ್ದವನ್ನು 12 ಅಂಗುಲದ ಒಂದು ತಾಲವೆಂದು ಹಿಡಿದು, ಬ್ರಹ್ಮ ವಿಷ್ಣು ರುದ್ರರಿಗೆ ದಶತಾಲವನ್ನೂ ಗಣಪತಿಗೆ ಪಂಚತಾಲವನ್ನೂ ವಿಧಿಸಿದ ನಮ್ಮ ಸ್ಥಪತಿಗಳು, ಪದವಿಗೆ ತಕ್ಕ ಪ್ರಮಾಣವೆಂಬ ನ್ಯಾಯವನ್ನು ಎಂದೋ ಸ್ಥಾಪಿಸಿದ್ದಾರೆ. ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವನ್ನು ನೋಡಿದವರು ಗೋಡೆಯಲ್ಲಿ ದೊಡ್ಡ ದೇವತಾಮೂರ್ತಿಗಳನ್ನೂ, ಅವುಗಳ ಬುಡದಲ್ಲಿ ಒಂದರ ಹಿಂದೊಂದು ನಡೆಯುವ ಆನೆಗಳ ಪಟ್ಟಿಕೆಯನ್ನೂ ಬಲ್ಲರು. ಫ್ಲೆಕ್ಸಿನ ವಿನ್ಯಾಸವೂ ಇದೇ: ನಡುವೆ ಕೈಮುಗಿದ ದಶತಾಲದ ನಾಯಕ, ಶಿಖರಭಾಗದಲ್ಲಿ ದುಂಡಗೆ ಕತ್ತರಿಸಿದ ಹಿರಿಯರು, ಅಧಿಷ್ಠಾನದಲ್ಲಿ ಶುಭ ಕೋರುವವರ ಪಂಕ್ತಿ. ಭೇದವಿಷ್ಟೆ: ಬಸರಾಳಿನ ಆನೆಗಳು ತಮ್ಮ ತಮ್ಮ ಫೋಟೊಗಳನ್ನು ವಾಟ್ಸಾಪಿನಲ್ಲಿ ಕಳುಹಿಸಿರಲಿಲ್ಲ.

ಕಷ್ಟದ ಮೂಲ ಅಲ್ಲಿಯೇ ಇದೆ. ಒಬ್ಬನು 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಪಾಸ್‌ಪೋರ್ಟ್ ಚಿತ್ರವನ್ನು ಕಳುಹಿಸಿದರೆ, ಇನ್ನೊಬ್ಬನು ಅಕ್ಕನ ಮದುವೆಯಲ್ಲಿ ಕ್ಯಾಮೆರಾದವನು ತೆಗೆದ 2:3ರ ನಿಲುಚಿತ್ರವನ್ನೂ, ಮತ್ತೊಬ್ಬನು ಮೊಬೈಲಿನ 3:4ರ ಸೆಲ್ಫಿಯನ್ನೂ ಕಳುಹಿಸುತ್ತಾನೆ. ಎಂಟಡಿ ಅಗಲದ ಫ್ಲೆಕ್ಸಿನಲ್ಲಿ 16 ಮಂದಿ ಕೂಡಬೇಕಾದರೆ ತಲಾ ಅರ್ಧ ಅಡಿ ಮಾತ್ರ ಲಭ್ಯ. ಚೌಕಟ್ಟನ್ನು 4:5ಕ್ಕೆ ನಿಗದಿಗೊಳಿಸಿದರೆ ಎತ್ತರ ಏಳೂವರೆ ಅಂಗುಲ. ಈ ವಿಧಿಯಿಂದ, ಅಗಲವನ್ನು ಪೂರ್ತಿ ಉಳಿಸಿಕೊಂಡರೂ, ಮೊಬೈಲಿನವನು ತನ್ನ ಎತ್ತರದ ಹದಿನಾರನೆಯ ಒಂದಂಶವನ್ನೂ, ಮದುವೆಯ ಚಿತ್ರದವನು ಆರನೆಯ ಒಂದಂಶವನ್ನೂ ಕಳೆದುಕೊಳ್ಳುವರು. ಇಲ್ಲಿಗೆ ಗಣಿತ ಮುಗಿದು ವೇದಾಂತ ಆರಂಭವಾಗುತ್ತದೆ. ಏಕೆಂದರೆ ಚೌಕಟ್ಟು ಸಮವಾದ ಮಾತ್ರಕ್ಕೆ ತಲೆ ಸಮವಾಗದು. ಪಾಸ್‌ಪೋರ್ಟಿನ ವಿಷಯದಲ್ಲಿ ಮುಖವು ಚಿತ್ರದ ನೂರಕ್ಕೆ 70ರಿಂದ 80 ಪಾಲು ಇರತಕ್ಕದ್ದೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ನಿಯಮಿಸಿದೆಯಾದರೂ, ಶುಭ ಕೋರುವವರಿಗೆ ಅಂಥ ಸ್ಮೃತಿಯಿಲ್ಲ. ಅಲ್ಲಿ ಶ್ರುತಿಯೇ ಪ್ರಮಾಣ, ಅದೂ ಉಚ್ಚಸ್ವರದ್ದು.

“ಅಣ್ಣೋ, ಅವುನ್ ತಲೆ ಅಷ್ಟ್ ದಪ್ಪಗದೆ, ನಂದ್ಯಾಕಣ್ಣ ಚೋಟುದ್ದ ಮಾಡ್ಬುಟ್ಟಿದ್ದೀಯೆ?”

“ನೀನ್ ಕಳ್ಸಿರದು ಬೈಕ್ ಮ್ಯಾಲ್ ಕುಂತಿರ ಫೋಟೊ ಕಣಪ್ಪ. ತಲೆ ದೊಡ್ದ್ ಮಾಡುದ್ರೆ ಬೈಕ್ ಹೊಯ್ತದೆ.”

“ಬೈಕೂ ಇರ್ಲಿ ಕಣಣ್ಣ, ಹೊಸಾದು.”

ತಲೆಯೂ ಬೇಕು, ಬೈಕೂ ಬೇಕು, ಚೌಕಟ್ಟೂ ಮೀರಬಾರದು ಎಂಬ ಈ ತ್ರಿವಿಧ ಪ್ರಾರ್ಥನೆಗೆ ತರ್ಕಶಾಸ್ತ್ರದಲ್ಲಿ ಪರಿಹಾರವಿಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಕತ್ತರಿಸುವುದು ಹಿಂಸೆ, ಯಾರ ಕೂದಲೂ ಕೊಂಕದಂತೆ ಇಡೀ ಚಿತ್ರವನ್ನೇ ಹಿಗ್ಗಿಸಿಯೋ ಕುಗ್ಗಿಸಿಯೋ ಚೌಕಟ್ಟಿಗೆ ಕೂಡಿಸಿದರಾಯಿತಲ್ಲವೆ ಎಂಬುದು ಅವರ ವಾದ. ಅದನ್ನು ಅನುಸರಿಸಿದವರ ಮುಖಗಳು ತಟ್ಟೆಗೆ ಒತ್ತಿದ ಮುದ್ದೆಯಂತೆ ಅಡ್ಡಕ್ಕೆ ಹರಡಿ, ಹೆತ್ತ ತಾಯಿಗೂ ಗುರುತು ಸಿಗದಂತಾದುದು ಲೋಕಪ್ರಸಿದ್ಧ. ಈ ಪಾಷಂಡಮತದ ಹಬ್ಬುವಿಕೆಗೆ ತಂತ್ರಾಂಶವೂ ಕೊಂಚ ನೆರವಾಯಿತೆನ್ನಬೇಕು: ಚಿತ್ರವನ್ನು ಎಳೆಯುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ ಪ್ರಮಾಣ ಕೆಡದೆಂಬುದು ಬಹುಕಾಲದ ಸಂಪ್ರದಾಯವಾಗಿರಲು, 2018ರ ಅಕ್ಟೋಬರಿನಲ್ಲಿ ಹೊರಬಂದ ಫೋಟೊಶಾಪ್ ಸಿಸಿ 2019ರಲ್ಲಿ ವಿಧಿಯು ತಿರುವುಮುರುವಾಗಿ, ಒತ್ತದಿದ್ದರೆ ಪ್ರಮಾಣ ಉಳಿಯುವುದೆಂದೂ ಒತ್ತಿದರೆ ಕೆಡುವುದೆಂದೂ ಆಯಿತು. ಅಂದಿನಿಂದ ಹಳೆಯ ಕಂಪ್ಯೂಟರಿನಲ್ಲಿ ಕಲಿತ ಕಿರುಬೆರಳು ಹೊಸ ಕಂಪ್ಯೂಟರಿನಲ್ಲಿ ಭಕ್ತಿಯಿಂದಲೇ ಪಾಪವನ್ನಾಚರಿಸುತ್ತಿದೆ.

ಸಿದ್ಧಾಂತವಿದು: ಕತ್ತರಿಸದೆ ಸಮತ್ವವಿಲ್ಲ. ನಾಯಕನ ಶಿರಸ್ಸು ತನ್ನದಕ್ಕಿಂತ ಹತ್ತು ಮಡಿ ದೊಡ್ಡದಾಗಿರುವುದನ್ನು ಪ್ರಸನ್ನಚಿತ್ತನಾಗಿ ಕಾಣುವ ಶುಭ ಕೋರುವವನು, ಪಕ್ಕದವನ ಶಿರಸ್ಸು ತನ್ನದಕ್ಕಿಂತ ಒಂದು ನೂಲು ಹೆಚ್ಚಿದ್ದರೆ ನಿದ್ರೆಗೆಡುತ್ತಾನೆ. ದೊಡ್ಡವರೊಡನೆ ಸರಿಸಮನಾಗುವ ಬಯಕೆ ಅವನಿಗೆ ಇಲ್ಲವೇ ಇಲ್ಲ. ಸರೀಕನು ತನ್ನನ್ನು ಮೀರಬಾರದೆಂಬುದೊಂದೇ ಅವನ ಸಮತಾವಾದ. ಈ ರಹಸ್ಯವನ್ನು ರಾಜನೀತಿಜ್ಞರಿಗಿಂತ ಮೊದಲೇ ಕಂಡುಕೊಂಡ ಡಿಸೈನರನು ಮೇಲಿನ ಹಿರಿಯರನ್ನು ಅವರವರ ಪದವಿಗೂ, ಕೆಳಗಿನ ಹದಿನಾರನ್ನು ಕೇವಲ ಚೌಕಟ್ಟಿಗೂ ಒಪ್ಪಿಸುತ್ತಾನೆ. ಗಲ್ಲಕ್ಕೊಂದು, ನೆತ್ತಿಗೊಂದು ಎಂದು ಎರಡು ಅಡ್ಡಗೆರೆಗಳನ್ನೆಳೆದು, ಎಲ್ಲ ಗಲ್ಲಗಳನ್ನೂ ಕೆಳಗೆರೆಗೂ ಎಲ್ಲ ನೆತ್ತಿಗಳನ್ನೂ ಮೇಲ್ಗೆರೆಗೂ ತಾಗಿಸಿ, ಮಿಕ್ಕ ಬೈಕು, ಹಾರ, ಹೆಗಲ ಮೇಲಿನ ಸ್ನೇಹಿತನ ಕೈ ಇವೆಲ್ಲವನ್ನೂ ನಿರ್ದಾಕ್ಷಿಣ್ಯವಾಗಿ ಕಳೆಯುವುದೇ ಅವನ ಧರ್ಮ. ಕೇಶರಾಶಿಯನ್ನು ನೆತ್ತಿಯೊಳಗೆ ಎಣಿಸತಕ್ಕದ್ದೋ ಅಲ್ಲವೋ ಎಂಬ ಬಗ್ಗೆ ಮತಭೇದವುಂಟು, ಬೋಳುತಲೆಯವರು ಅಲ್ಲವೆನ್ನುತ್ತಾರೆ.

2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತಷ್ಟೆ. ಆಜ್ಞೆಯು ವಸ್ತುವಿಗೆ ಸಂಬಂಧಿಸಿದುದೇ ಹೊರತು ಶಿರಸ್ಸುಗಳಿಗೆ ಸಂಬಂಧಿಸಿದುದಲ್ಲವೆಂದು ಲೋಕವು ಅರ್ಥೈಸಿಕೊಂಡುದರಿಂದ ಪಂಕ್ತಿಯು ಇಂದಿಗೂ ಅವಿಚ್ಛಿನ್ನವಾಗಿದೆ.

ಇನ್ನು ಫಲಶ್ರುತಿ. ಈ ಮೀಮಾಂಸೆಯನ್ನು ಪ್ರಿಂಟಿಗೆ ಕೊಡುವ ಮುನ್ನ ಪಠಿಸುವ ಡಿಸೈನರನಿಗೆ ಹಳೆಯ ಬಾಕಿ ವಸೂಲಾಗುವುದು. ಶ್ರದ್ಧೆಯಿಂದ ಕೇಳುವ ಶುಭ ಕೋರುವವನಿಗೆ ಸಮಶಿರಸ್ಕತ್ವವು ಸಿದ್ಧಿಸುವುದು. ಇಷ್ಟೆಲ್ಲ ಕೇಳಿಯೂ “ನಂದೊಸಿ ದೊಡ್ದ್ ಮಾಡಣ್ಣ” ಎನ್ನುವವನಿಗೆ ಪ್ರಾಯಶ್ಚಿತ್ತವೊಂದುಂಟು: ಚದರಡಿಯ ಲೆಕ್ಕದಲ್ಲಿ ಪೂರ್ತಿ ಹಣವನ್ನು ಮುಂಗಡವಾಗಿ ತೆತ್ತು, ತಾನೊಬ್ಬನೇ ಇರುವ ಫ್ಲೆಕ್ಸನ್ನು ಮಾಡಿಸಿ, ಅದರ ಬುಡಕ್ಕೆ ಹದಿನಾರು ಮಂದಿ ಶುಭ ಕೋರುವವರನ್ನು ತಾನೇ ಹುಡುಕಿ ತರತಕ್ಕದ್ದು.