ಬಿಟ್ಟಿ ಗೃಹನಿರ್ಮಾಣ ಮೀಮಾಂಸೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಪೂರ್ವಿಕರು ಮನುಷ್ಯಮಾತ್ರರ ಅನುಭವವನ್ನು ನೆಚ್ಚಿ ಆ ಮಾತನ್ನಾಡಿದರೇ ಹೊರತು ಕೀಟವರ್ಗವನ್ನು ವಿಚಾರಿಸಿಕೊಂಡು ಆಡಿದಂತೆ ತೋರುವುದಿಲ್ಲ. ವಿಚಾರಿಸಿದ್ದರೆ, ಕಲ್ಲು ಸುಣ್ಣ ತೊಲೆಗಳ ಗೊಡವೆಯಿಲ್ಲದೆ, ಮೇಸ್ತ್ರಿಗೆ ಮುಂಗಡ ತೆರದೆ, ಪರರ ನಿವೇಶನದಲ್ಲಿ ಪರರ ಸಾಮಗ್ರಿಯಿಂದ ಪರರ ಕೈಯಲ್ಲೇ ಗೃಹವನ್ನು ಕಟ್ಟಿಸಿಕೊಂಡು, ತರುವಾಯ ಒಳಗೋಡೆಯನ್ನೇ ಉಂಡು ಪುಷ್ಟರಾಗುವ, ಗಿಡಮರಗಳ ಮೈಯಲ್ಲಿ ಗಂಟೆಬ್ಬಿಸುವ ಗಂಟುಹುಳುಗಳೆಂಬ ಮಹನೀಯರು ಗಾದೆಯ ಪೂರ್ವಾರ್ಧವನ್ನು ಖಂಡಿಸುತ್ತಿದ್ದರು. ಉತ್ತರಾರ್ಧದ ಗತಿಯೇನಾಗುತ್ತಿತ್ತೆಂಬುದನ್ನು ಮುಂದೆ ನಿವೇದಿಸಲಾಗುವುದು.

ವಿಷಯವ್ಯಾಪ್ತಿಯನ್ನು ಮೊದಲೇ ನಿರ್ಣಯಿಸತಕ್ಕದ್ದು ಶಾಸ್ತ್ರಮರ್ಯಾದೆ. ದಾರಿಬದಿಯ ಹೊಂಗೆಯ ಎಲೆಯೊಂದನ್ನು ಕಿತ್ತು ತಂದು, ಅದರ ಮೇಲೆದ್ದ ಬೊಕ್ಕೆಗಳನ್ನು ತೋರಿಸಿ, “ಇದೂ ಅದೇ ತಾನೆ?” ಎಂದು ಕೇಳುವ ವಾಚಕರು ಇದ್ದೇ ಇರುತ್ತಾರೆ. ಅಲ್ಲ. ಅದನ್ನು ಎಬ್ಬಿಸುವುದು ಕಣ್ಣಿಗೆ ಬೀಳದ ಒಂದು ನುಸಿ. ಕೀಟವೆನಿಸಿಕೊಳ್ಳಲು ಆರು ಕಾಲು ವಿಹಿತವಾಗಿರುವಲ್ಲಿ ಈ ನುಸಿಗೆ ಇರುವುದು ನಾಲ್ಕೇ. ಎರಡು ಕಾಲಿನ ನ್ಯೂನತೆಯಿಂದ ಅದನ್ನು ಈ ಪ್ರಬಂಧದಿಂದ ಹೊರಗಿಟ್ಟಿದೆ. ಅದರ ವಾಸ್ತುಕೌಶಲದ ವಿಷಯದಲ್ಲಿ ನಮ್ಮ ಆಕ್ಷೇಪಣೆ ಏನೂ ಇಲ್ಲ.

ಇನ್ನು ಪೂರ್ವಪಕ್ಷ. ಗಂಟನ್ನು ಕಟ್ಟುವವರು ಯಾರು? ಕೊಳೆತ ಮಾಂಸದಲ್ಲಿ ಹುಳು ತಾನಾಗಿ ಹುಟ್ಟದು, ನೊಣ ಮೊಟ್ಟೆಯಿಟ್ಟರಷ್ಟೇ ಹುಟ್ಟುವುದೆಂದು 1668ರಲ್ಲಿ ಪ್ರಯೋಗಪೂರ್ವಕವಾಗಿ ಸಾಧಿಸಿ ಕೀರ್ತಿಶಾಲಿಯಾದ ಇಟಲಿಯ ಫ್ರಾಂಚೆಸ್ಕೊ ರೆಡಿ, ಅದೇ ಗ್ರಂಥದಲ್ಲಿ ಗಂಟಿನ ಪ್ರಸಂಗ ಬಂದೊಡನೆ, ಒಳಗಿನ ಹುಳುವನ್ನು ಸಸ್ಯದ ಆತ್ಮವೇ ಹೆರುತ್ತದೆಂದು ನಂಬಿದನು. ಮಾಂಸದ ಮುಂದೆ ಅಷ್ಟು ನಿಷ್ಠುರನಾದ ಪಂಡಿತನು ಸೊಪ್ಪಿನ ಮುಂದೆ ಇಷ್ಟು ಮೃದುವಾದದ್ದೇಕೆಂಬುದು ಪ್ರತ್ಯೇಕ ಸಂಶೋಧನೆಗೆ ಯೋಗ್ಯವಾದ ವಿಷಯ. ಹನ್ನೊಂದು ವರ್ಷಗಳ ಮೇಲೆ, 1679ರಲ್ಲಿ, ಬೊಲೋನ್ಯದ ಮಾರ್ಚೆಲ್ಲೊ ಮಾಲ್ಪೀಗಿಯು ಗಂಟುಗಳನ್ನು ಕುರಿತೇ ಬರೆದು, ಓಕ್ ಮರದ ಮೊಗ್ಗಿನಲ್ಲಿ ಕೀಟವು ಮೊಟ್ಟೆಯಿಡುವುದನ್ನು ಕಂಡದ್ದಾಗಿ ತಿಳಿಸಿ ವ್ಯಾಜ್ಯವನ್ನು ಇತ್ಯರ್ಥಪಡಿಸಿದನು.

ಸಿದ್ಧಾಂತವು ಹೀಗಿದೆ. ತಾಯಿಯಾದವಳು ಬಲಿತ ಎಲೆಯ ಗೋಜಿಗೆ ಹೋಗುವುದಿಲ್ಲ. ಬಲಿತವರಿಗೆ ಉಪದೇಶ ಹಿಡಿಯದೆಂಬುದು ಆಕೆಗೂ ಗೊತ್ತು. ತಾನು ಎಲೆಯಾಗಬೇಕೋ ಕೊಂಬೆಯಾಗಬೇಕೋ ಎಂದು ಇನ್ನೂ ನಿಶ್ಚಯಿಸಿಕೊಳ್ಳದ ಎಳೆಯ ಕೋಶಗಳನ್ನು ಹುಡುಕಿ ಅಲ್ಲಿಯೇ ಮೊಟ್ಟೆಯಿಡುತ್ತಾಳೆ. ಕೆಲವು ಜಾತಿಗಳಲ್ಲಿ ಆಕೆ ಮೊಟ್ಟೆಯೊಡನೆ ಸುರಿಸುವ ದ್ರವ, ಹಲವು ಜಾತಿಗಳಲ್ಲಿ ಮರಿಯ ಬಾಯಿರಸ, ಸಸ್ಯದ ಆಕ್ಸಿನ್, ಸೈಟೊಕೈನಿನ್ ಮುಂತಾದ ಚೋದಕಗಳ ಲೆಕ್ಕವನ್ನು ಬುಡಮೇಲು ಮಾಡಲಾಗಿ, ಗಿಡವು ತನ್ನ ಕೆಲಸವನ್ನೇ ಮಾಡುತ್ತಿರುವೆನೆಂಬ ಭ್ರಾಂತಿಯಿಂದ ಪರರ ಕೆಲಸವನ್ನು ಶ್ರದ್ಧೆಯಿಂದ ಮಾಡತೊಡಗುತ್ತದೆ. ಓಕ್ ಮರದ ಗಂಟೊಂದನ್ನು ಸೀಳಿ ನೋಡಿ: ನಡುವೆ ಮರಿ ಮಲಗುವಷ್ಟೇ ಕೋಣೆ, ಅದರ ಒಳಮೈಗೆ ಸಕ್ಕರೆ, ಪ್ರೋಟೀನು, ಕೊಬ್ಬು ತುಂಬಿದ ಮೆತ್ತನೆಯ ಪದರ, ಅದನ್ನು ಸುತ್ತಿ ಮರಗಟ್ಟಿದ ಕೋಶಗಳ ಕೋಟೆ, ಹೊರಗೆ ಬಾಯಿಟ್ಟವರ ನಾಲಗೆಯನ್ನು ಹಿಡಿಯುವ ಒಗರು. ಅಡುಗೆಮನೆಯೇ ಮಲಗುವ ಕೋಣೆಯಾಗಿರುವ ಈ ಏರ್ಪಾಡನ್ನು ನಮ್ಮ ವಾಸ್ತುಪಂಡಿತರು ಹೇಗೆ ಸಮರ್ಥಿಸುವರೋ ಕಾಣೆ.

ಒಂದೇ ಓಕ್ ಮರದಲ್ಲಿ ಒಂದು ಕಣಜಕ್ಕೆ ನುಣುಪಾದ ಗುಂಡು, ಇನ್ನೊಂದಕ್ಕೆ ರೋಮಶವಾದ ಉಂಡೆ, ಮತ್ತೊಂದಕ್ಕೆ ಎಲೆಯ ಹಿಂಬದಿಯ ಬಿಲ್ಲೆ ಸಿದ್ಧವಾಗುವುದರಿಂದ, ನಕ್ಷೆ ಕೀಟದ್ದು, ಖರ್ಚು ಮರದ್ದು ಎಂಬುದು ನಿರ್ವಿವಾದ. ಅಮೆರಿಕದ ವಿಚ್ ಹೇಜಲ್ ಗಿಡದಲ್ಲಿ ಒಂದು ಸಸ್ಯಹೇನು ಎಬ್ಬಿಸುವ ಗಂಟು ಹಸುರಾಗಬೇಕೋ ಕೆಂಪಾಗಬೇಕೋ ಎಂಬುದನ್ನು ಹೇನಿನ ಒಂದು ಜೀನ್ ನಿರ್ಧರಿಸುತ್ತದೆಂದು 2021ರಲ್ಲಿ ಪ್ರಕಟವಾಯಿತು. ಎಂದಮೇಲೆ ಬಣ್ಣ ಬಳಿಸುವಾಗಲೂ ಗಿಡದ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ.

ಗಾದೆಯ ಉತ್ತರಾರ್ಧಕ್ಕೆ ಬರೋಣ. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ನೀಲಗಿರಿ ತೋಪುಗಳಿಗೆ ದಯಮಾಡಿಸಿ, ಎಲೆಯ ನಡುನರ, ತೊಟ್ಟು, ಎಳೆ ಕಾಂಡಗಳನ್ನೆಲ್ಲ ಗಂಟುಗಂಟಾಗಿಸಿದ ಲೆಪ್ಟೊಸೈಬ್ ಕಣಜವು ಒಂದೂವರೆ ಮಿಲಿಮೀಟರಿಗೂ ಕಿರಿದು. ಮರದಂತೆಯೇ ಆಸ್ಟ್ರೇಲಿಯದ ಮೂಲದ್ದು. ಅದರಲ್ಲಿ ಗಂಡು ಅತ್ಯಪೂರ್ವ; ಹೆಣ್ಣು ಗಂಡಿನ ಸಂಪರ್ಕವಿಲ್ಲದೆಯೇ ಹೆಣ್ಣುಮರಿಗಳನ್ನು ಪಡೆಯುತ್ತದೆ. ಮನೆಯೂ ಬಿಟ್ಟಿ, ಮದುವೆಯೂ ಇಲ್ಲ. ಗಾದೆಗೆ ನಿಲ್ಲಲು ಇನ್ನು ನೆಲವೆಲ್ಲಿ?

ಭತ್ತದ ಕಣೆ ನೊಣದ ಮಾತು ಬಂದಾಗ ಮಾತ್ರ ನಗೆ ತುಸು ತಗ್ಗಬೇಕು. ಸೊಳ್ಳೆಯಾಕಾರದ ಆ ನೊಣದ ಮರಿ ಎಲೆಯೊರೆಗಳ ಸಂದಿಯಲ್ಲಿ ತೆವಳುತ್ತ ಸುಳಿಯ ಬುಡವನ್ನು ಸೇರಿತೆಂದರೆ, ತೆನೆಯಾಗಬೇಕಾದ ತೆಂಡೆ ಈರುಳ್ಳಿ ಎಲೆಯಂಥ ಬಿಳಿಚು ಕೊಳವೆಯಾಗಿ ಎದ್ದುಬರುತ್ತದೆ. ಅದರಲ್ಲಿ ಒಂದು ಕಾಳೂ ಕಟ್ಟುವುದಿಲ್ಲ. ಕೋಶಾವಸ್ಥೆಯ ಹುಳುವು ಕೊಳವೆಯ ತುದಿಗೇರಿ, ರಂಧ್ರ ಕೊರೆದು, ನೊಣವಾಗಿ ಹೊರಟುಹೋಗುತ್ತದೆ. ಗದ್ದೆಯ ಯಜಮಾನನ ಪಾಲಿಗೆ ಅದು ಮೀಮಾಂಸೆಯ ವಿಷಯವಲ್ಲ.

ಅನ್ಯಾಯಾರ್ಜಿತವಾದ ಈ ಸೌಧಗಳಲ್ಲಿ ವಾಸವು ನಿಷ್ಕಂಟಕವೂ ಅಲ್ಲ. ತಾವಾಗಿ ಗಂಟು ಕಟ್ಟಿಸಲಾರದೆ ಕಟ್ಟಿದ್ದರಲ್ಲಿ ಮೊಟ್ಟೆಯಿಟ್ಟು ಬೀಡುಬಿಡುವ ಒಕ್ಕಲುಗಳುಂಟು. ಆ ಒಕ್ಕಲುಗಳನ್ನೂ ಯಜಮಾನನನ್ನೂ ಭೇದವಿಲ್ಲದೆ ತಿನ್ನುವ ಪರೋಪಜೀವಿಗಳುಂಟು. ಅಮೆರಿಕದ ಓಕ್ ಮರಗಳಲ್ಲಿ 2017ರಲ್ಲಿ ಹೆಸರಿಟ್ಟ ಯೂಡೆರಸ್ ಸೆಟ್ ಎಂಬ ಕಣಜವು ಆತಿಥೇಯ ಕಣಜದಿಂದ ಅಳತೆಗೆ ಕಿರಿದಾದ ಬಾಗಿಲನ್ನು ಕೊರೆಯಿಸಿ, ಅದು ತಲೆ ತೂರಿಸಿ ಸಿಕ್ಕಿಕೊಂಡ ಮೇಲೆ ದೇಹವನ್ನು ಉಂಡು, ಆ ತಲೆಯ ಮೂಲಕವೇ ಹೊರಬರುತ್ತದೆ. ಬಾಡಿಗೆ ಕಾಯಿದೆಯ ಯಾವ ಕಲಮೂ ಇದನ್ನು ಊಹಿಸಿಲ್ಲ.

ಪಂಡಿತವರ್ಗವು ಈ ಹುಳುಗಳಿಗೆ ಋಣಿಯಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಓಕ್ ಗಂಟಿನ ಒಗರನ್ನು ಅನ್ನಭೇದಿಯೊಡನೆ ಬೆರೆಸಿ ಮಾಡಿದ ಕಪ್ಪು ಮಸಿಯಿಂದಲೇ ಯೂರೋಪಿನ ವಿದ್ವಾಂಸರು ಶತಮಾನಗಳ ಕಾಲ ಬರೆದರು. ಗಂಟನ್ನು ಕಟ್ಟಿದವರು ಯಾರೆಂದು ತಿಳಿಯದ ಕಾಲದಲ್ಲೂ ಲೇಖನಿಯನ್ನು ಅದರ ರಸದಲ್ಲೇ ಅದ್ದುತ್ತಿದ್ದರು. ಆ ಗಂಟು ಪಶ್ಚಿಮ ಏಷ್ಯದಿಂದ ನಮ್ಮ ಗ್ರಂಥಿಗೆ ಅಂಗಡಿಗೂ ಬರುತ್ತದೆ. ನಾವು ಮಾಚಿಕಾಯಿ ಎಂದು ಕೊಂಡು ಕಲ್ಲಿನಲ್ಲಿ ತೇಯುವುದು ಅದನ್ನೇ. ಕಾಯಿಯಲ್ಲ ಅದು, ಕಣಜದ ಮನೆ. ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ನೋಡಿರಿ: ಸೂಜಿಯಗಲದ ತೂತಿದ್ದರೆ ನಿವಾಸಿ ಹೊರಟುಹೋಗಿದ್ದಾನೆ, ಒಗರು ಕಡಿಮೆ. ತೂತಿಲ್ಲದ, ಭಾರವಾದ, ಕಪ್ಪು ಹಸುರಿನ ಕಾಯಿಗೇ ಬೆಲೆ ಹೆಚ್ಚು. ಅದರೊಳಗೆ ಮನೆಯ ಯಜಮಾನ ಇನ್ನೂ ಇದ್ದಾನೆ.