ಕುಟುಂಬಸಮೇತ ದಿಲ್ಲಿಯಾನ ಮೀಮಾಂಸೆ

ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ದಿಲ್ಲಿ ನೋಡಲು ಹೊರಡುವುದೂ ಒಂದು ಶಾಸ್ತ್ರ. ಪೂರ್ವಸೂರಿಗಳು ಏಕೋ ಇದಕ್ಕೆ ಭಾಷ್ಯ ಬರೆಯದೆ ಹೋದರು. ಆ ಕೊರತೆ ನೀಗಲು, ಲೋಕಹಿತಾರ್ಥವಾಗಿ ಈ ಕಿರುಪ್ರಬಂಧ.

ವಿಷಯ: ಇಬ್ಬರು ಬೇಕೆಂದ, ಮೂವರು ಬೇಡವೆಂದ ಸ್ಥಳವನ್ನು ಐವರೂ ಬಿಸಿಲಲ್ಲಿ ನಿಂತು ನೋಡುವುದೇ ಪ್ರವಾಸ. ಇದರ ಅಧಿಕಾರಿಗಳು ನಾಲ್ಕು ಬಗೆ: ಟಿಕೆಟ್ ಮಾಡಿಸುವ ಯಜಮಾನರು, ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಂಡ ಹೊರತು ಹೊಸಿಲು ದಾಟದ ಅತ್ತೆಯವರು, ‘ನಾನು ಹೋಗಿದ್ದಾಗ’ ಎಂದೇ ಬಾಯಿ ತೆರೆಯುವ ಭಾವನವರು, ಚಾರ್ಜಿಂಗ್ ಪಾಯಿಂಟ್ ಇರುವೆಡೆಯೇ ಪುಣ್ಯಕ್ಷೇತ್ರವೆಂದು ನಂಬಿದ ಮಕ್ಕಳು.

ಸಂಶಯ: ಹೊರಡುವುದು ಯಾವತ್ತು? ರೈಲ್ವೆಯವರು ಮೊದಲು 120 ದಿನ ಮುಂಚೆಯೇ ಬುಕಿಂಗ್ ತೆರೆಯುತ್ತಿದ್ದರು. 2024ರ ನವೆಂಬರ್‌ನಿಂದ ಅದು 60 ದಿನ. ಅವಧಿ ಅರ್ಧಕ್ಕಿಳಿದರೂ ನಡುಮನೆಯ ಚರ್ಚೆ ಮಾತ್ರ ಒಂದು ಗಳಿಗೆಯೂ ಇಳಿದಿಲ್ಲ. ಲೋಯರ್ ಬರ್ತ್ ಯಾರಿಗೆಂಬ ವಾದ ಮುಗಿಯುವಷ್ಟರಲ್ಲಿ ವೇಟಿಂಗ್ ಲಿಸ್ಟ್ ಶುರುವಾಗಿರುತ್ತದೆ.

ಪೂರ್ವಪಕ್ಷ: ಯಜಮಾನರ ಮತ ಇದು. ಶನಿವಾರ ಸಂಜೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಬೇಕು. ಭಾನುವಾರ ಹೇಗೂ ರಜೆ, ಅದು ರೈಲಲ್ಲೇ ಕಳೆಯುತ್ತದೆ. ಸೋಮವಾರ ಬೆಳಗ್ಗೆ ಹೊಸದಿಲ್ಲಿಯಲ್ಲಿ ಇಳಿದು, ಸ್ನಾನ ಮುಗಿಸಿ, ನೇರ ಕೆಂಪುಕೋಟೆಗೆ ನಡೆದರಾಯಿತು. ಆಫೀಸಿನ ಒಂದು ರಜೆ ಉಳಿಯಿತು.

ಸಿದ್ಧಾಂತ: ಈ ಮತ ಗ್ರಾಹ್ಯವಲ್ಲ. ಸೋಮವಾರ ಕೆಂಪುಕೋಟೆಗೆ ರಜೆ. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ರಜೆ. ಅಕ್ಷರಧಾಮಕ್ಕೆ ರಜೆ, ಕಮಲ ಮಂದಿರಕ್ಕೆ ರಜೆ, ಮಕ್ಕಳು ಆಸೆಪಟ್ಟ ರೈಲು ಮ್ಯೂಸಿಯಮ್ಮಿಗೂ ರಜೆ. ಹೋಗಲಿ, ಸೀರೆಯನ್ನಾದರೂ ನೋಡೋಣವೆಂದರೆ ಸರೋಜಿನಿ ನಗರದ ಅಂಗಡಿಗಳ ವಾರದ ರಜೆಯೂ ಅಂದೇ. ಯಜಮಾನರು ಉಳಿಸಿದ ಒಂದು ರಜೆಯನ್ನು ದಿಲ್ಲಿಯವರೆಲ್ಲ ಸೇರಿ ತೆಗೆದುಕೊಂಡಿರುತ್ತಾರೆ.

ಅಪವಾದ: ಕುತುಬ್ ಮಿನಾರ್ ಮತ್ತು ಹುಮಾಯೂನನ ಸಮಾಧಿಗೆ ವಾರದ ರಜೆಯಿಲ್ಲ. ಮಿನಾರಿನ ಎತ್ತರ ಸುಮಾರು 73 ಮೀಟರ್. ಆದರೆ ಒಳಗೆ ಹತ್ತಲು ದಶಕಗಳಿಂದ ಬಿಡುತ್ತಿಲ್ಲವಾದ್ದರಿಂದ ಅದಕ್ಕೂ ಅತ್ತೆಯವರ ಮಂಡಿನೋವಿಗೂ ಪರಸ್ಪರ ವಿರೋಧವಿಲ್ಲ.

ಉಪಾಧಿಕರಣ: ಸೋಮವಾರದ ಪೆಟ್ಟು ತಿಂದವರು ದಿಲ್ಲಿಯನ್ನು ನಿಧಾನವಾಗಿ ನೋಡಿ, ಆಗ್ರಾವನ್ನು ಶುಕ್ರವಾರಕ್ಕೆ ತಳ್ಳುತ್ತಾರೆ. ಶುಕ್ರವಾರ ತಾಜ್‌ಮಹಲಿಗೆ ರಜೆ. ಆಗ ಯಮುನೆಯ ಆಚೆ ದಡದ ಮೆಹ್ತಾಬ್ ಬಾಗ್‌ನಿಂದಲೇ ಕಣ್ತುಂಬಿಸಿಕೊಳ್ಳಬೇಕು. ‘ನನಗೆ ಮೊದಲೇ ಗೊತ್ತಿತ್ತು’ ಎಂದು ಭಾವನವರು ಅಪ್ಪಣೆ ಕೊಡಿಸುವುದು ಇಲ್ಲಿಯೇ. ಈ ಜ್ಞಾನ ಯಾವಾಗಲೂ ಘಟನೆಯ ಬಳಿಕವೇ ಹುಟ್ಟುವುದರಿಂದ ಪ್ರತ್ಯಕ್ಷ, ಅನುಮಾನ, ಶಬ್ದ ಪ್ರಮಾಣಗಳ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕುವಂತಿಲ್ಲ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವರು ಭಾನುವಾರ ರೈಲು ಹತ್ತಿ ಮಂಗಳವಾರ ಇಳಿಯುತ್ತಾರೆ, ಗುರುವಾರದೊಳಗೆ ಆಗ್ರಾ ಮುಗಿಸುತ್ತಾರೆ. ಒಂದು ರಜೆ ಹೆಚ್ಚಿಗೆ ಖರ್ಚಾಗುತ್ತದೆ. ಹಾಕಿಬಿಡಿ, ಸ್ವಾಮಿ.