ಕೆನ್ನಾಯಿಯ ಹೇಳಿಕೆ

ಸೀಳುನಾಯಿಯೆಂದೂ ಹೆಸರಿರುವ ಕೆನ್ನಾಯಿಯನ್ನು ಕುರಿತು ಬ್ರಿಟಿಷರ ಕಾಲದ ಶಿಕಾರಿ ಪುಸ್ತಕಗಳಲ್ಲಿ ದೊರೆಯುವುದು ಬಹುಮಟ್ಟಿಗೆ ಫಿರ್ಯಾದಿಯ ವಾದವೇ ಆಗಿದ್ದು, ಆರೋಪಿಯ ಹೇಳಿಕೆಯನ್ನು ಯಾರೂ ದಾಖಲಿಸಿಕೊಳ್ಳದ ಕಾರಣ, ಬಂಡೀಪುರದ ಕವಲುದಾರಿಯೊಂದರಲ್ಲಿ ಈ ಕಾಲ್ಪನಿಕ ಸಂದರ್ಶನವನ್ನು ಏರ್ಪಡಿಸಲಾಯಿತು. ಹಿಂಡಿನ ಪರವಾಗಿ ಹಿರಿಯ ಹೆಣ್ಣೊಂದು ಉತ್ತರಿಸಿತು.

ಪ್ರಶ್ನೆ: ನಾಯಿಯ ಕುಲದಲ್ಲಿ ಹುಟ್ಟಿಯೂ ತಾವು ಊರನಾಯಿಯಂತೆ ಬೊಗಳುವುದಿಲ್ಲವೇಕೆ?

ಉತ್ತರ: ಬೊಗಳುವುದು ಪರರ ಬಾಗಿಲು ಕಾಯುವವರ ಕಸುಬೆಂದೂ, ನಾಲ್ಕು ಹೆಜ್ಜೆ ಆಚೆಗಿನ ಸಂಗಾತಿಯೂ ಲಂಟಾನದ ಪೊದೆಯಲ್ಲಿ ಕಣ್ಮರೆಯಾಗುವ ಕಾಡಿನಲ್ಲಿ, ಬೇಟೆಯ ಭರದಲ್ಲಿ ಚದುರಿದವರನ್ನು ಮತ್ತೆ ಒಂದುಗೂಡಿಸಲು ಬಿಟ್ಟುಬಿಟ್ಟು ಹಾಕುವ ಸಿಳ್ಳೆಯೇ ಸಾಕಾಗುತ್ತದೆಂದೂ ಕೆನ್ನಾಯಿ ತಿಳಿಸಿತು.

ಪ್ರಶ್ನೆ: ಕಾಡುದಾರಿಗಳು ಕೂಡುವಲ್ಲಿಯೇ ಇಡೀ ಹಿಂಡು ಮಲ ವಿಸರ್ಜಿಸುವುದು ಅನಾಗರಿಕವಲ್ಲವೇ?

ಉತ್ತರ: ವಿಜ್ಞಾನಿಗಳು ಸಾಮೂಹಿಕ ಮಲಸ್ಥಾನವೆಂದು ಕರೆಯುವ ಇಂತಹ ಜಾಗ, ಅಂದರೆ ಹಿಂಡಿನವರೆಲ್ಲರೂ ಮತ್ತೆ ಮತ್ತೆ ಬಂದು ವಾಸನೆಯ ಗುರುತು ಬಿಟ್ಟುಹೋಗುವ ತಾಣವು, ಗ್ರಾಮ ಪಂಚಾಯಿತಿಯ ಸೂಚನಾ ಫಲಕವಿದ್ದಂತೆ ಎಂದು ಅದು ಹೇಳಿ, ಇದನ್ನು ಓದುವವರಾದರೂ ಇದ್ದಾರೆ ಎಂಬುದೊಂದೇ ವ್ಯತ್ಯಾಸವೆಂದು ಸೇರಿಸಿತು.

ಪ್ರಶ್ನೆ: ಜೀವವಿರುವಾಗಲೇ ಹರಿದು ತಿನ್ನುವ ಕ್ರೂರಿಗಳೆಂಬ ಆರೋಪಕ್ಕೆ ಸಮಜಾಯಿಷಿ ಏನು?

ಉತ್ತರ: ಇಲ್ಲಿ ಕೆನ್ನಾಯಿಯ ಮಾತು ಉದ್ದವಾಯಿತು. ಇಪ್ಪತ್ತು ಕಿಲೋ ತೂಗುವುದೇ ಹೆಚ್ಚೆನ್ನುವ ಮೈಯಿಂದ, ಹುಲಿಯಂತೆ ಗಂಟಲನ್ನು ಹಿಡಿದು ಕೆಡವಲಾಗದೆ, ತನಗಿಂತ ದೊಡ್ಡ ಜಿಂಕೆಯನ್ನು ಹಲವರು ಕೂಡಿ ಕೊಲ್ಲಬೇಕಾದಾಗ ನೋಟ ಚೆನ್ನಾಗಿರುವುದಿಲ್ಲವೆಂದು ಅದು ಒಪ್ಪಿಕೊಂಡಿತು. ಆದರೆ 1976ರಿಂದ 1978ರವರೆಗೆ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಇದೇ ಬಂಡೀಪುರದಲ್ಲಿ ಬಂದೂಕಿಲ್ಲದೆ ಹಿಂಬಾಲಿಸಿ ಅಧ್ಯಯನ ನಡೆಸುವವರೆಗೂ, ಆ ಕೊಲೆಯ ಅನಂತರ ನಡೆಯುವುದೇನೆಂದು ನಿಂತು ನೋಡಿದವರು ವಿರಳವೆಂದು ಅದರ ದೂರು. ಬೇಟೆಯ ಬಳಿಗೆ ಬಂದ ಮರಿಗಳಿಗೆ ಮೊದಲ ಪಂಕ್ತಿ. ಗೂಡಿನಲ್ಲಿಯೇ ಉಳಿದ ಎಳೆಯ ಮರಿಗಳಿಗೂ ತಾಯಿಗೂ ಹಿಂಡಿನ ಇತರರು ಹೊಟ್ಟೆಯಲ್ಲಿ ಹೊತ್ತು ತಂದ ಮಾಂಸವನ್ನು ಕಕ್ಕಿ ಉಣಿಸುತ್ತಾರೆ. ಮನುಷ್ಯರ ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಯಾರಿಗೆ ಮೀಸಲೆಂದು ಅದು ಮರುಪ್ರಶ್ನೆ ಹಾಕಿತಾದರೂ, ಸಂದರ್ಶಕರು ಅದನ್ನು ವಿಷಯಾಂತರವೆಂದು ಕೈಬಿಟ್ಟರು.

ಪ್ರಶ್ನೆ: ತಮ್ಮ ತಲೆಗೆ ಸರ್ಕಾರವು ಬಹುಮಾನ ಕೊಡುತ್ತಿದ್ದುದನ್ನು ಗೌರವವೆಂದು ಭಾವಿಸಬಹುದೇ?

ಉತ್ತರ: ಜಿಂಕೆಗಳನ್ನು ಉಳಿಸುವ ನೆಪದಲ್ಲಿ, ಅವುಗಳನ್ನು ತಾವೇ ಹೊಡೆಯಬೇಕೆಂದಿದ್ದವರು ಆ ಬಹುಮಾನವನ್ನು ಸಮರ್ಥಿಸಿದರೆಂದು ಕೆನ್ನಾಯಿ ಸ್ಮರಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ತನ್ನ ಬೆಲೆ ಶೂನ್ಯಕ್ಕಿಳಿದುದರಿಂದಲೇ ಜೀವ ಉಳಿಯಿತೆಂದೂ, ಜಗತ್ತಿನಲ್ಲಿ ಸಂತಾನವೃದ್ಧಿಗೆ ಶಕ್ತವಾದ ತನ್ನವರ ಸಂಖ್ಯೆ 2,500ಕ್ಕೂ ಕಡಿಮೆಯೆಂದು ಅಂದಾಜಿಸಿ ಈಗ ಅದೇ ಮನುಷ್ಯರು ಚಿಂತಿಸುತ್ತಿದ್ದಾರೆಂದೂ ಹೇಳಿತು.

ಪ್ರಶ್ನೆ: ಸರ್ಕಾರದ ಮುಂದೆ ಬೇಡಿಕೆಗಳೇನಾದರೂ ಇವೆಯೇ?

ಉತ್ತರ: ಒಂದೇ ಒಂದಿದೆಯೆಂದೂ, ಅದು ತುರ್ತಿನದೆಂದೂ, ಸಂದರ್ಶಕರ ಜೀಪು ಬೆಳಿಗ್ಗೆಯಿಂದ ಸೂಚನಾ ಫಲಕದ ಮೇಲೆಯೇ ನಿಂತಿದೆಯೆಂದೂ ಕೆನ್ನಾಯಿ ತಿಳಿಸಿತು.